ಶಯ್ಯಾಮೀಮಾಂಸೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕನ್ನಡಿಗರು ಮಿತವ್ಯಯದ ಉಪದೇಶಕ್ಕೆ ಬಳಸುತ್ತಾರಾದರೂ, ಅದರೊಳಗೆ ಹಾಸಿಗೆಯ ಬಗ್ಗೆಯೇ ಒಂದು ಗೃಹೀತ ಅಡಗಿದೆ. ಹಾಸಿಗೆಯ ಅಳತೆ ಮೊದಲೇ ನಿಶ್ಚಿತವಾದದ್ದು, ಹೊಂದಿಕೊಳ್ಳಬೇಕಾದದ್ದು ಕಾಲು ಮಾತ್ರ ಎಂಬುದೇ ಅದು. ಹೊಸ ಹಾಸಿಗೆ ಕೊಳ್ಳಲು ಅಂಗಡಿಗೆ ಹೋದ ಗೃಹಸ್ಥನ ಭಾರಕ್ಕೆ ಮೊಟ್ಟಮೊದಲು ಕುಸಿಯುವುದು ಈ ಗೃಹೀತವೇ.

ಹಿಂದೆ ಹಾಸಿಗೆಯನ್ನು ಆರಿಸುವ ಪ್ರಸಂಗವೇ ಅಪರೂಪವಾಗಿತ್ತು. ಚಾಪೆ, ಅದರ ಮೇಲೊಂದು ಜಮಖಾನ, ಉತ್ತರ ಕರ್ನಾಟಕವಾದರೆ ಹಳೆಯ ಸೀರೆಗಳನ್ನು ಪದರಪದರವಾಗಿ ಕೂಡಿಸಿ ಹೊಲಿದ ಕೌದಿ, ಇವೆಲ್ಲ ಬೆಳಗಾದೊಡನೆ ಸುರುಳಿಯಾಗಿಯೋ ಮಡಿಕೆಯಾಗಿಯೋ ಮೂಲೆ ಸೇರುತ್ತಿದ್ದವು. ಅನುಕೂಲಸ್ಥರ ಮನೆಯ ಗಾದಿಯಾದರೂ ಮತ್ತೆ ಮತ್ತೆ ಕೊಳ್ಳುವ ವಸ್ತುವಾಗಿರದೆ ರಿಪೇರಿಯ ವಸ್ತುವಾಗಿತ್ತು. ಮಲಗಿ ಮಲಗಿ ಗಂಟುಗಟ್ಟಿದ ಹತ್ತಿಯನ್ನು ಹೊರತೆಗೆದು, ಪಿಂಜಾರನು ಬಿಲ್ಲಿನಂಥ ಸಾಧನದ ಹುರಿಯನ್ನು ಮಿಡಿದು ಅದರ ಕಂಪನದಿಂದ ಎಳೆಗಳನ್ನು ಬಿಡಿಸುತ್ತಿದ್ದನು. ಈ ಕ್ರಿಯೆಗೆ ಹಿಂಜುವುದು ಎಂದು ಹೆಸರು. ಹೀಗೆ ಹಿಂಜಿದ ಅದೇ ಹತ್ತಿ ಮರಳಿ ಗಾದಿ ಸೇರಿ, ಅದೇ ಮನೆಯವರ ಬೆನ್ನಿಗೆ ಹೊಸದಾಗಿ ಒದಗುತ್ತಿತ್ತು.

ಇಂದಿನ ಅಂಗಡಿಯಲ್ಲಾದರೋ ಹಾಸಿಗೆಗಳು ದರ್ಶನಗಳಾಗಿ ಕವಲೊಡೆದಿವೆ. ಮಲಗಿದ ಇಬ್ಬರನ್ನೂ ನಡುವಿನ ಒಂದೇ ಗುಂಡಿಗೆ ಉರುಳಿಸಿ ಭೇದವನ್ನು ಅಳಿಸುತ್ತಿದ್ದ ಹಳೆಯ ಹತ್ತಿಯ ಗಾದಿಯನ್ನು ಅದ್ವೈತವೆನ್ನುವುದಾದರೆ, ಒಂದೊಂದು ಉಕ್ಕಿನ ಸುರುಳಿಯನ್ನೂ ಪ್ರತ್ಯೇಕ ಬಟ್ಟೆಯ ಚೀಲದಲ್ಲಿಟ್ಟು, ಒಬ್ಬರ ಹೊರಳಾಟ ಇನ್ನೊಬ್ಬರಿಗೆ ತಟ್ಟದಂತೆ ಮಾಡುವ ಪಾಕೆಟ್ ಸ್ಪ್ರಿಂಗ್ ಹಾಸಿಗೆಯು ಶುದ್ಧ ದ್ವೈತ. ಸ್ಪ್ರಿಂಗಿನ ಮೇಲೆ ಫೋಮಿನ ಪದರ ಹೊದಿಸಿದ ಹೈಬ್ರಿಡ್ ಎಂಬುದು ಬೆಲೆಯಲ್ಲಿಯೂ ವಿಶಿಷ್ಟವಾದ ಅದ್ವೈತ. ಸುರುಳಿಯ ಮೇಲೆ ಮಲಗುವ ಕ್ರಮವೇನೂ ಹೊಸದಲ್ಲವೆಂಬುದಕ್ಕೆ ಶ್ರೀರಂಗಪಟ್ಟಣದಲ್ಲಿ ಆದಿಶೇಷನ ಮೇಲೆ ಪವಡಿಸಿರುವ ರಂಗನಾಥನೇ ಸಾಕ್ಷಿ. ಇವುಗಳ ಪಕ್ಕದಲ್ಲಿ, ತೆಂಗಿನ ನಾರಿಗೆ ರಬ್ಬರ್ ಹಾಲನ್ನು ಸಿಂಪಡಿಸಿ ಒತ್ತಿ ತಯಾರಿಸಿದ ನಾರಿನ ಹಾಸಿಗೆಯು ಮಧ್ಯಮವರ್ಗದ ಪ್ರತಿನಿಧಿಯಾಗಿ ಸೆಟೆದು ನಿಂತಿರುತ್ತದೆ.

ಮೆಮೊರಿ ಫೋಮ್ ಎಂಬುದರ ಪೂರ್ವಚರಿತ್ರೆ ಇನ್ನೂ ಘನವಾದದ್ದು. ದೇಹದ ಬಿಸಿಗೂ ಭಾರಕ್ಕೂ ಮೆತ್ತಗಾಗಿ ಮೈಯ ಅಚ್ಚನ್ನೇ ತಳೆದು, ಭಾರ ಸರಿದ ಮೇಲೆ ನಿಧಾನವಾಗಿ ಮೊದಲಿನಂತಾಗುವ ಈ ವಸ್ತುವನ್ನು ಅಮೆರಿಕದ ನಾಸಾ ಸಂಸ್ಥೆಗಾಗಿ ಚಾರ್ಲ್ಸ್ ಯೋಸ್ಟ್ 1966ರಲ್ಲಿ ರೂಪಿಸಿದ್ದು ವಿಮಾನದ ಆಸನಗಳಿಗೆಂದು, ಅಪಘಾತದ ಹೊಡೆತವನ್ನು ತಗ್ಗಿಸಲೆಂದು. ಮಂಚದಿಂದ ಹೊರತು ಬೇರೆಲ್ಲಿಂದಲೂ ಬೀಳುವ ಸಂಭವವಿಲ್ಲದವರು ಅದನ್ನು ಇಂದು ಕಂತಿನಲ್ಲಿ ಕೊಳ್ಳುತ್ತಾರೆ; ಅದು ರಾಯಚೂರಿನ ಮೇ ತಿಂಗಳ ಸೆಕೆಯನ್ನೂ ಅಷ್ಟೇ ನಿಷ್ಠೆಯಿಂದ ನೆನಪಿಟ್ಟುಕೊಳ್ಳುತ್ತದೆ ಎಂಬುದು ಮನೆಗೆ ತಂದ ಮೇಲೆ ತಿಳಿಯುತ್ತದೆ.

ಬೆನ್ನುನೋವಿಗೆ ಗಟ್ಟಿ ಹಾಸಿಗೆಯೇ ಮದ್ದು ಎಂಬ ನಂಬಿಕೆಗೆ ಶರಶಯ್ಯೆಯ ಭೀಷ್ಮನೇ ಮೂಲಪುರುಷನಿರಬೇಕು. ಮೂಳೆವೈದ್ಯದ ಇಂಗ್ಲಿಷ್ ಹೆಸರಿನಿಂದ ಕಡಿದು ತಂದ ‘ಆರ್ಥೋ’ ಎಂಬ ತುಂಡನ್ನು ಅಂಗಡಿಗಳು ಆ ನಂಬಿಕೆಯ ಮೇಲೆಯೇ ಅಂಟಿಸಿವೆ. ದೀರ್ಘಕಾಲದ ಸೊಂಟನೋವಿದ್ದ 313 ಮಂದಿಯನ್ನು ಕುರಿತು ಸ್ಪೇನಿನಲ್ಲಿ ನಡೆದು 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಬಹಳ ಗಟ್ಟಿಯಾದುದಕ್ಕಿಂತ ಮಧ್ಯಮ ಗಡಸಿನ ಹಾಸಿಗೆಯೇ ಮೇಲೆಂದು ತೋರಿಸಿತು. ಆದರೆ ಮಧ್ಯಮವೆಂಬುದನ್ನು ಅಳೆಯಲು ಗ್ರಾಹಕನ ಬಳಿ ಇರುವುದು ಹೆಬ್ಬೆರಳೊಂದೇ, ಅದಕ್ಕಿರುವ ತರಬೇತಿಯೋ ಮಾವಿನಹಣ್ಣನ್ನು ಅದುಮಿ ನೋಡಿದ್ದು ಮಾತ್ರ.

ಆದ್ದರಿಂದಲೇ ಮಾರುವವನು ‘ಒಮ್ಮೆ ಮಲಗಿ ನೋಡಿ ಸಾರ್’ ಎನ್ನುತ್ತಾನೆ. ಚಪ್ಪಲಿಯ ಕಾಲುಗಳನ್ನು ಹೊರಗೆ ತೂಗುಬಿಟ್ಟು, ಒಂದು ಕೈಯಿಂದ ಜೇಬನ್ನು ಅದುಮಿಕೊಂಡು, ಹೆಂಡತಿ, ಮಕ್ಕಳು ಮತ್ತು ಮೂವರು ಅಪರಿಚಿತರು ನೋಡುತ್ತಿರುವಂತೆ ಎರಡು ನಿಮಿಷ ಕಣ್ಣುಬಿಟ್ಟು ಮಲಗುವುದಕ್ಕೆ ಪರೀಕ್ಷೆಯೆಂದು ಹೆಸರು. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಇನ್ನೊಂದು ಗಾದೆಯನ್ನು ಇಲ್ಲಿಗೆ ಅನ್ವಯಿಸಿದರೆ ಈ ಪರೀಕ್ಷೆಯ ತರ್ಕದೋಷ ಬಯಲಾಗುತ್ತದೆ: ಅಂಗಡಿಯಲ್ಲಿ ನಿದ್ದೆ ಹೋಗಬಲ್ಲವನಿಗೆ ಹೊಸ ಹಾಸಿಗೆ ಬೇಕಿಲ್ಲ, ಹೊಸ ಹಾಸಿಗೆ ಬೇಕಾದವನಿಗೆ ಅಂಗಡಿಯಲ್ಲಿ ನಿದ್ದೆ ಬರುವುದಿಲ್ಲ.

ಈ ತೊಡಕಿಗೆ ಪರಿಹಾರವಾಗಿ ಆನ್‌ಲೈನ್ ಮಾರಾಟಗಾರರು ನೂರು ರಾತ್ರಿ ಮಲಗಿ ನೋಡಿ, ಒಗ್ಗದಿದ್ದರೆ ಹಿಂದಿರುಗಿಸಿ ಎನ್ನತೊಡಗಿದರು. ಬೆಂಗಳೂರಿನ ವೇಕ್‌ಫಿಟ್ ಕಂಪನಿಯಂತೂ 2019ರ ಕೊನೆಯಲ್ಲಿ, ನೂರು ರಾತ್ರಿ ತಲಾ 9 ಗಂಟೆ ನಿದ್ರಿಸುವವರಿಗೆ 1 ಲಕ್ಷ ರೂಪಾಯಿ ಕೊಡುವುದಾಗಿ ಸಾರಿತು. ಹೊತ್ತು ಮೀರಿ ಮಲಗಿ ಅಮ್ಮನಿಂದ ಬೈಸಿಕೊಂಡ ತಲೆಮಾರುಗಳಿಗೆ ಇದು ತಡವಾಗಿ ಸಂದ ನ್ಯಾಯ. ಆದರೆ ನೂರು ರಾತ್ರಿ ಕಳೆಯುವಷ್ಟರಲ್ಲಿ ಹಾಸಿಗೆ ಬೆನ್ನಿಗೆ ಒಗ್ಗಿತೋ ಬೆನ್ನೇ ಹಾಸಿಗೆಗೆ ಒಗ್ಗಿತೋ ಎಂಬುದನ್ನು ನಿರ್ಣಯಿಸುವುದು ಕಷ್ಟ.

ಇಷ್ಟೆಲ್ಲ ವಿಮರ್ಶೆಯ ನಂತರ 78 ಅಂಗುಲ ಉದ್ದದ ಹಾಸಿಗೆ ಮನೆಗೆ ಬಂದು, ಬಡಗಿ ಮಾಡಿಕೊಟ್ಟ ಮಂಚದ ಉದ್ದ 75 ಅಂಗುಲವೆಂದು ತಿಳಿಯುವುದು ಈ ಶಾಸ್ತ್ರದ ಉಪಸಂಹಾರ. ಕಾಲು ಹಾಸಿಗೆಯೊಳಗೇ ಇದ್ದು, ಹಾಸಿಗೆಯೇ ಮಂಚದಾಚೆ ಮೂರು ಅಂಗುಲ ಕಾಲು ಚಾಚಿರುತ್ತದೆ. ‘ಮಂಚ ಇದ್ದಷ್ಟು ಹಾಸಿಗೆ ಚಾಚು’ ಎಂಬ ಉತ್ತರಾರ್ಧವೂ ಗಾದೆಗೆ ಇರಬೇಕಿತ್ತು; ಅದನ್ನು ಹೇಳುವ ಮೊದಲೇ ಹಿರಿಯರು ಚಾಪೆಯ ಮೇಲೆ ನಿದ್ದೆ ಹೋಗಿರಬೇಕು.