ಮಾತು ಬಲ್ಲ ಪೆಟ್ಟಿಗೆಗಳು

ಕಬಾಡಿಯವನಿಗೆ ಕೊಡಬೇಡಿ ರಾಯರೇ, ಸ್ವಲ್ಪ ತಡೀರಿ. ಬಾಲ್ಕನಿಯಲ್ಲಿ ವಾಷಿಂಗ್ ಮಷೀನ್ ಪಕ್ಕ ಇಟ್ಟಿದ್ದೀರಲ್ಲ, ನಿಮ್ಮ ತಂದೆಯವರ ಕಾಲದ ಆ ಜೋಡಿ ಸ್ಪೀಕರು, ಅವನ್ನ ಮೊದಲು ಒಳಗೆ ತಗೊಳ್ಳಿ. ಮಯೂರ ವಿಹಾರದ ಈ ಜೂನ್ ತಿಂಗಳ ಲೂ ಗಾಳಿ, ಧೂಳು ಎರಡೂ ಅವಕ್ಕೆ ಆಗಿಬರೋದಿಲ್ಲ.

"ಮಾವ, ಅದರಲ್ಲಿ ಬೇಸೇ ಇಲ್ಲ, ಸದ್ದೂ ಕಮ್ಮಿ" ಅಂದರಂತೆ ನಿಮ್ಮ ಸೊಸೆ. ಅವರ ಕಿವಿ ಸರಿಯಾಗೇ ಇದೆ. ಆದರೆ ಪುಸ್ತಕದ ಕಪಾಟಿನಲ್ಲಿ ಕೂರೋ ಪೆಟ್ಟಿಗೆ ಎಲ್ಲವನ್ನೂ ಕೊಡೋಕೆ ಆಗೋದಿಲ್ಲ. ಆಳದ ಬೇಸು, ಜೋರು ಸದ್ದು, ಚಿಕ್ಕ ಪೆಟ್ಟಿಗೆ, ಈ ಮೂರರಲ್ಲಿ ಒಂದನ್ನಾದರೂ ಬಿಡಲೇಬೇಕು. ಏನು ಬಿಟ್ಟರು, ಏನು ಉಳಿಸಿಕೊಂಡರು ಅನ್ನೋದೇ ಸ್ಪೀಕರಿನ ಗುಣ. ಹಳೇ ಸ್ಪೀಕರಿನ ಇಂಪು ವಯಸ್ಸಾಗಿ ಬಂದದ್ದಲ್ಲ ರಾಯರೇ, ಮಾಡಿದವರು ತಿಳಿದು ಮಾಡಿದ ಆಯ್ಕೆಯಿಂದ ಬಂದದ್ದು.

ನಿಮ್ಮದರ ಹಿಂದುಗಡೆ ಕಂಪನಿ ಚೀಟಿ ಅಳಿಸಿಹೋಗಿದೆ, ನೋಡಿದೆ. ಆದರೆ ಗಾಳಿ ಹೋಗೋಕೆ ಎಲ್ಲೂ ತೂತಿಲ್ಲ, ಪೂರ್ತಿ ಮುಚ್ಚಿದ ಪೆಟ್ಟಿಗೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಇಂಥದನ್ನೇ ಅಕೌಸ್ಟಿಕ್ ರಿಸರ್ಚ್ ಅನ್ನೋ ಕಂಪನಿ ಕಟ್ಟಿ ಮಾರುಕಟ್ಟೆಗೆ ತಂದರು. ಅಲ್ಲೀತನಕ ಒಳ್ಳೇ ಬೇಸ್ ಬೇಕು ಅಂದರೆ ದೊಡ್ಡ ಪೆಟ್ಟಿಗೆನೇ ಬೇಕಿತ್ತು. ಸೈಕಲ್ ಪಂಪಿನ ಬಾಯಿ ಬೆರಳಲ್ಲಿ ಮುಚ್ಚಿ ಒತ್ತಿದರೆ ಒಳಗಿನ ಗಾಳಿ ವಾಪಸ್ ತಳ್ಳುತ್ತಲ್ಲ, ಆ ಗಾಳಿಯನ್ನೇ ಅವರು ವೂಫರಿಗೆ, ಅಂದರೆ ಬೇಸು ನುಡಿಸೋ ಕೋನಿಗೆ, ಸ್ಪ್ರಿಂಗ್ ಮಾಡಿಕೊಂಡರು. ಚಿಕ್ಕ ಪೆಟ್ಟಿಗೆಯಲ್ಲೇ ಶುದ್ಧವಾದ ಬೇಸು ಬಂತು. ಆದರೆ ಅದಕ್ಕೆ ಆಂಪ್ಲಿಫೈಯರ್ ಹೆಚ್ಚು ದುಡೀಬೇಕಾಯಿತು. ಸದ್ದನ್ನ ಬಿಟ್ಟು ಬೇಸನ್ನ ಉಳಿಸಿಕೊಂಡರು. 1958ರಲ್ಲಿ ಸ್ಟೀರಿಯೊ ರೆಕಾರ್ಡು ಬಂದಮೇಲೆ ಮನೆಗೆ ಒಂದರ ಬದಲು ಎರಡು ಸ್ಪೀಕರು ಬೇಕಾದವು. ಕಪಾಟಿನಲ್ಲಿ ಕೂರೋ ಜೋಡಿ ಮನೆಮನೆಗೂ ಹೋಗಿದ್ದು ಆಗ.

ಲಂಡನ್ನಿನ ಬಿಬಿಸಿಯವರ ಆಯ್ಕೆ ಬೇರೆ. ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಕೂತು ಕೇಳೋಕೆ ಅವರಿಗೊಂದು ಪುಟ್ಟ ಸ್ಪೀಕರು ಬೇಕಿತ್ತು. 1970ರ ದಶಕದಲ್ಲಿ ಅವರ ಎಂಜಿನಿಯರುಗಳು ಮಾಡಿದ ಎಲ್ಎಸ್ 3/5ಎ ಒಂದಡಿ ಎತ್ತರದ್ದು ಅಷ್ಟೆ. ತೆಳುವಾದ ಬರ್ಚ್ ಪ್ಲೈವುಡ್ಡಿನ ಪೆಟ್ಟಿಗೆ, ಮರ ಗುಂಯ್‌ಗುಟ್ಟದ ಹಾಗೆ ಒಳಗಡೆ ಡಾಂಬರಿನ ಹಾಳೆ, ಕೆಇಎಫ್ ಕಂಪನಿಯ ಐದು ಇಂಚಿನ ಪ್ಲಾಸ್ಟಿಕ್ ಕೋನು, ಮೇಲಿನ ಸ್ವರ ನುಡಿಸೋ ಟ್ವೀಟರಿನ ಸುತ್ತ ಉಣ್ಣೆಯ ಪಟ್ಟಿ. ಆಳದ ಬೇಸನ್ನೂ ಜೋರು ಸದ್ದನ್ನೂ ಎರಡನ್ನೂ ಬಿಟ್ಟುಕೊಟ್ಟರು. ಉಳಿಸಿಕೊಂಡದ್ದು ಮನುಷ್ಯನ ಮಾತು. ಬಿಬಿಸಿಯ ಎಂಜಿನಿಯರುಗಳು ಎದುರಿಗೆ ಮಾತಾಡೋ ದನಿಯನ್ನೂ ಸ್ಪೀಕರಿನಿಂದ ಬರೋ ದನಿಯನ್ನೂ ಪಕ್ಕಪಕ್ಕ ಕೇಳಿ ಹೋಲಿಸಿ ನೋಡುತ್ತಿದ್ದರು. ನಮಗೆಲ್ಲ ಹುಟ್ಟಿದಾಗಿನಿಂದ ಪರಿಚಯ ಇರೋದು ಮಾತಿನ ದನಿ ತಾನೇ? ಅದರಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕಿವಿ ಹಿಡಿದುಬಿಡುತ್ತೆ.

ಇದು ಎಲ್ಲಿ ಗೊತ್ತಾಗುತ್ತೆ ಅಂದರೆ, ಗಂಗೂಬಾಯಿ ಹಾನಗಲ್ ಅವರ ಹಾಡಿಕೆಯಲ್ಲಿ. ಗಂಟಲಿನ ಚಿಕಿತ್ಸೆ ಆದಮೇಲೆ ಅವರ ದನಿ ತಗ್ಗಿ, ಗಂಡುದನಿಯಷ್ಟು ಗಟ್ಟಿಯಾಯಿತು. ಈಗ ಅಂಗಡಿಗಳಲ್ಲಿ ಢಂಢಂ ಅನ್ನಿಸೋ ಸ್ಪೀಕರಿನಲ್ಲಿ ಅವರ ಮಂದ್ರ ಹಾಕಿ ಕೇಳಿ. ಷಡ್ಜ ಬೇಸಿನೊಳಗೆ ಮುಳುಗಿ ಬರೀ ಗುಡುಗುಡು ಆಗುತ್ತೆ, ತಂಬೂರಿಯೂ ಅವರೂ ಬೇರೆ ಬೇರೆ ಅಂತ ಕೇಳೋದೇ ಇಲ್ಲ. ಚೆನ್ನಾಗಿರೋ ಹಳೇ ಪುಟ್ಟ ಸ್ಪೀಕರಿನಲ್ಲಿ ಹಾಗಲ್ಲ. ದನಿ ಎದೆಯಿಂದ ಎದ್ದು ಗಂಟಲಿಗೆ ಬರೋದು ಕೇಳುತ್ತೆ, ಸ್ವರಕ್ಕೆ ಮುಂಚಿನ ಉಸಿರು ಕೇಳುತ್ತೆ, ಹಿಂದಿನ ತಂಬೂರಿಯ ಜವಾರಿ ತನ್ನ ಪಾಡಿಗೆ ತಾನು ಮಿಡೀತಿರುತ್ತೆ. ಮಲ್ಲಿಕಾರ್ಜುನ ಮನ್ಸೂರರು ಒಂದು ಪಲುಕಿನಿಂದ ಇನ್ನೊಂದಕ್ಕೆ ಉಸಿರು ಬಿಡದೆ ಹಾರೋದು, ದೊರೆಸ್ವಾಮಿ ಅಯ್ಯಂಗಾರರ ವೀಣೆಯ ತಂತಿಯ ಮೇಲೆ ಬೆರಳು ಜಾರೋದು, ಎಲ್ಲಾ ಸ್ಪಷ್ಟ. ಇವೆಲ್ಲ ಇರೋದು ಮಧ್ಯದ ಸ್ವರಪಟ್ಟಿಯಲ್ಲೇ. ಊರುಬಿಟ್ಟು ದೆಹಲಿಗೆ ಬಂದ ನಮ್ಮಂಥವರಿಗೆ ಸ್ಪೀಕರಿನಿಂದ ಬೇಕಾದದ್ದೂ ಅದೇ ಅಲ್ಲವಾ? ಸಂಸತ್ ಮಾರ್ಗದ ಆಕಾಶವಾಣಿಯಿಂದ ಕನ್ನಡ ವಾರ್ತೆ ಬರುತ್ತಿದ್ದ ಕಾಲದಲ್ಲಿ ನಿಮ್ಮ ತಂದೆಯವರು ಅದನ್ನ ಈ ಪೆಟ್ಟಿಗೆಗಳಲ್ಲೇ ಕೇಳುತ್ತಿದ್ದರು ಅಂತ ನೀವೇ ಹೇಳಿದ್ದೀರಿ. ಅವರಿಗೆ ಬೇಕಾಗಿದ್ದದ್ದು ನಮ್ಮ ಮಾತಿನ ದನಿ.

ನಮ್ಮ ಫ್ಲ್ಯಾಟುಗಳಿಗೂ ಇವು ಹೊಂದುತ್ತವೆ. ಇಲ್ಲಿ ನೆಲ ಮಾರ್ಬಲ್ಲು, ಗೋಡೆ ಬೋಳು. ಮೇಲಿನ ಸ್ವರ ಜಾಸ್ತಿ ಇದ್ದರೆ ಕಿವಿಗೆ ಚುಚ್ಚುತ್ತೆ. ಆ ಕಾಲದ ಎಷ್ಟೋ ಟ್ವೀಟರುಗಳು ಮೇಲಿನ ಸ್ವರವನ್ನ ಸ್ವಲ್ಪ ಮೆತ್ತಗೇ ಬಿಡುತ್ತವೆ. ಒಂದು ದರಿ ಹಾಸಿ, ಪರದೆ ಎಳೀರಿ, ಸ್ಪೀಕರನ್ನ ಪುಸ್ತಕಗಳ ನಡುವೆ ಇಡಿ. ಹಿಂದಿನ ಗೋಡೆ ತಾನಾಗಿ ಬೇಸಿಗೆ ಒತ್ತಾಸೆ ಕೊಡುತ್ತೆ. ಗುಂಯ್ ಅಂತ ಜಾಸ್ತಿ ಆಯಿತೋ, ಒಂದು ಗೇಣು ಮುಂದಕ್ಕೆ ಎಳೀರಿ.

ಈಗ ಮುಂದಿನ ಬಟ್ಟೆಯ ಚೌಕಟ್ಟು ಬಿಚ್ಚಿ ನೋಡಿ. ಕೋನಿನ ಅಂಚಿನಲ್ಲಿ ಸುತ್ತಲೂ ಒಂದು ಉಬ್ಬು ಪಟ್ಟಿ ಇರುತ್ತೆ. ರಬ್ಬರಿನದಾದರೆ ಬಹಳ ವರ್ಷ ಬಾಳುತ್ತೆ. ಫೋಮಿನದಾದರೆ ತೇವ, ಬಿಸಿಲು ತಿಂದು ಮುಟ್ಟಿದರೆ ಪುಡಿಯಾಗುತ್ತೆ. ನಿಮ್ಮದು ಫೋಮು, ಒಂದು ಕಡೆ ಆಗಲೇ ಬಿರುಕು ಬಿಟ್ಟಿದೆ. ಎರಡೂ ಕೈಯ ಬೆರಳು ಕೋನಿನ ಮೇಲೆ ಸಮವಾಗಿಟ್ಟು ಮೆಲ್ಲಗೆ ಒಳಕ್ಕೆ ಒತ್ತಿ. ಕರಕರ ಅನ್ನಲಿಲ್ಲ ತಾನೇ? ಹಾಗಾದರೆ ಕೋನಿನ ಹಿಂದಿನ ಕಾಯಿಲು ನೆಟ್ಟಗಿದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಕೋನು ನಿಧಾನಕ್ಕೆ ಮೇಲೆ ಬರಬೇಕು. ನಿಮ್ಮದು ಥಟ್ಟನೆ ಬಂತು, ಅಂದರೆ ಆ ಬಿರುಕಿನಲ್ಲೇ ಗಾಳಿ ಸೋರುತ್ತಿದೆ. ಸೊಸೆಗೆ ಬೇಸು ಕೇಳದೇ ಇದ್ದದ್ದರಲ್ಲಿ ಇದರ ಪಾಲೂ ಇದೆ. ಇದು ಮಾಡಿದವರ ಆಯ್ಕೆ ಅಲ್ಲ, ಸವೆತ. ಸವೆತವನ್ನ "ಹಳೇ ಕಾಲದ ಸೊಗಸು" ಅಂತ ಹಾಗೇ ಬಿಡಬಾರದು. ಒಳಗಿನ ಕೆಪಾಸಿಟರ್ ಒಣಗಿ ಟ್ವೀಟರ್ ಮಂಕಾಗಿದ್ದರೆ ಅದನ್ನೂ ಬದಲಾಯಿಸಬೇಕು, ಅದೇ ಅಳತೆಯದನ್ನೇ ಹಾಕಿಸಬೇಕು.

ಕೆಂಪುಕೋಟೆ ಎದುರಿನ ಲಾಜಪತ್ ರಾಯ್ ಮಾರ್ಕೆಟ್ ಇದೆಯಲ್ಲ, ಅಲ್ಲಿ ಸ್ಪೀಕರ್ ರಿಪೇರಿ ಮಾಡೋವರು ಸಿಗ್ತಾರೆ. ಇಲ್ಲಿಂದ ಬ್ಲೂ ಲೈನಿನಲ್ಲಿ ಮಂಡಿ ಹೌಸ್, ಅಲ್ಲಿ ವಯೊಲೆಟ್ ಲೈನ್ ಹತ್ತಿದರೆ ಲಾಲ್ ಕಿಲಾ. ಭಾನುವಾರ ಮಾರ್ಕೆಟ್ ಬಂದ್, ಶನಿವಾರ ಬೆಳಿಗ್ಗೆ ನಾನೂ ಬರ್ತೀನಿ. "ಹೊಸ ವೂಫರ್ ಹಾಕ್ತೀನಿ, ಸದ್ದು ಜೋರು ಬರುತ್ತೆ" ಅಂತ ಹೇಳಿದರೆ ಒಪ್ಪಬೇಡಿ. ಈ ಕೋನಿನ ತೂಕ, ಈ ಪೆಟ್ಟಿಗೆಯ ಗಾಳಿ, ಎರಡನ್ನೂ ಲೆಕ್ಕ ಹಾಕಿ ಒಂದಕ್ಕೊಂದು ಹೊಂದಿಸಿರ್ತಾರೆ. ಕೋನು ಹಳೇದೇ ಇರಲಿ, ಪಟ್ಟಿ ಮಾತ್ರ ಹೊಸದು ಅಂಟಿಸಲಿ. ಬಿರುಕು ಬಿಟ್ಟಿರೋದು ಒಂದೇ ಅಂತ ಇನ್ನೊಂದನ್ನ ಮನೇಲಿ ಬಿಟ್ಟು ಬರಬೇಡಿ ರಾಯರೇ, ಎರಡಕ್ಕೂ ಒಟ್ಟಿಗೇ ಮಾಡಿಸಬೇಕು. ಎರಡೂ ಒಂದೇ ಥರ ಉಸಿರಾಡಿದರೆ ಮಾತ್ರ ಹಾಡುವವರು ನಟ್ಟನಡುವೆ ಬಂದು ಕೂರ್ತಾರೆ.