ಸಾಗಣೆ ವೆಚ್ಚ ಮೀಮಾಂಸೆ

ವಿಷಯ: ಹರಾಜಿನಲ್ಲಿ ಕೊಂಡ ವಸ್ತುವಿಗೆ ಮಾರಾಟ ತೆರಿಗೆ ಉಂಟೆಂಬುದು ನಿರ್ವಿವಾದ. ಅದನ್ನು ಹೊತ್ತು ತಂದ ಕೂಲಿಗೂ ಉಂಟೋ, ಇಲ್ಲವೋ? ನಮ್ಮ ಆಚಾರ್ಯತ್ರಯರು ಜೀವ–ಬ್ರಹ್ಮ ಸಂಬಂಧವನ್ನು ವಿಚಾರಿಸಿ ಬಿಟ್ಟಲ್ಲಿಂದ ಅಮೆರಿಕದ ರಾಜ್ಯಗಳ ತೆರಿಗೆ ಇಲಾಖೆಗಳು ವಸ್ತು–ಸಾಗಣೆ ಸಂಬಂಧವನ್ನು ಕೈಗೆತ್ತಿಕೊಂಡಿವೆ ಎಂಬುದೇ ಈ ಪ್ರಬಂಧದ ಪ್ರತಿಜ್ಞೆ.

ದೃಷ್ಟಾಂತ: 1995ರಲ್ಲಿ ಪಿಯರ್ ಒಮಿಡ್ಯಾರ್ ತೆರೆದ, ಮುಂದೆ ಇಬೇ ಎನಿಸಿಕೊಂಡ ಆನ್‌ಲೈನ್ ಹರಾಜುಕಟ್ಟೆಯಲ್ಲಿ ಮೊದಲು ಬಿಕರಿಯಾದದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್. ಬೆಲೆ 14.83 ಡಾಲರ್. ಶಾಸ್ತ್ರಕ್ಕೆ ಇದಕ್ಕಿಂತ ಶುದ್ಧ ವಸ್ತು ಸಿಗದು. ಇದಕ್ಕೆ ಉಪಯೋಗವೆಂಬ ಉಪಾಧಿಯೇ ಇಲ್ಲ, ಬೆಲೆಯೊಂದೇ ಉಂಟು. ಇದರ ಸಾಗಣೆಗೆ 5 ಡಾಲರ್ ಎಂದು ಕಲ್ಪಿಸಿಕೊಳ್ಳೋಣ.

ಅದ್ವೈತ ಪಕ್ಷ: ಟೆಕ್ಸಾಸ್ ಮತ್ತು ನ್ಯೂಯಾರ್ಕ್ ಈ ಪೀಠದವು. ವಸ್ತುವಿಗೆ ತೆರಿಗೆಯಿದ್ದರೆ ಸಾಗಣೆಗೂ ಇದೆ; ಬಿಲ್ಲಿನಲ್ಲಿ ಬೇರೆ ಬೇರೆ ಕಾಣುವುದು ಬರೀ ಭ್ರಾಂತಿ. ಇದಕ್ಕೆ ಸಂಗದೋಷದ ಉಪಸಿದ್ಧಾಂತವೂ ಉಂಟು. ನ್ಯೂಯಾರ್ಕಿನಲ್ಲಿ 110 ಡಾಲರಿಗಿಂತ ಕಡಿಮೆ ಬೆಲೆಯ ಬಟ್ಟೆಗೆ ರಾಜ್ಯದ ತೆರಿಗೆಯಿಲ್ಲ, ಅದನ್ನು ತಂದ ಕೊರಿಯರೂ ಮಡಿ. ಆದರೆ ಅದೇ ಬಿಲ್ಲಿಗೆ ಪಾಯಿಂಟರ್ ಸೇರಿ, ಎರಡಕ್ಕೂ ಒಂದೇ ಸಾಗಣೆ ವೆಚ್ಚ ನಮೂದಾದರೆ ಅಂಗಿಯ ಪಾಲಿನ ಸಾಗಣೆಗೂ ಮೈಲಿಗೆ.

ದ್ವೈತ ಪಕ್ಷ: ವರ್ಜೀನಿಯಾ ಹೇಳುವುದು, ಭೇದ ಸತ್ಯ, ಆದರೆ ಅದು ಬಿಲ್ಲಿನಲ್ಲಿ ಕಾಣಬೇಕು. ಸಾಗಣೆಯನ್ನು ಪ್ರತ್ಯೇಕ ಸಾಲಿನಲ್ಲಿ ಬರೆದರೆ ತೆರಿಗೆಯಿಲ್ಲ. ಪ್ಯಾಕಿಂಗ್ ಕೂಲಿಯನ್ನೂ ಅದೇ ಸಾಲಿಗೆ ತುರುಕಿದರೆ ಎರಡಕ್ಕೂ ತೆರಿಗೆ.

ವಿಶಿಷ್ಟಾದ್ವೈತ ಪಕ್ಷ: ಕ್ಯಾಲಿಫೋರ್ನಿಯಾದ್ದು ನಡುವಿನ ದಾರಿ. ಮಾರುವವನು ಸಾಗಣೆಯೆಂದು 8 ಡಾಲರ್ ಬರೆದು, ಅಂಚೆಗೆ ಕೊಟ್ಟದ್ದು ಐದೇ ಆಗಿದ್ದರೆ, ಆ ಐದು ಮುಕ್ತ. ಮಿಕ್ಕ ಮೂರು ವಸ್ತುವಿನ ಶರೀರವೇ ಆದ್ದರಿಂದ ತೆರಿಗೆಗೆ ಬದ್ಧ. ಅಂಚೆ ರಸೀದಿಯೇ ಇಲ್ಲಿ ಪರಮ ಪ್ರಮಾಣ.

ಆಕ್ಷೇಪ: ಐದು ಡಾಲರಿನ ಮೇಲೆ ಇಷ್ಟು ಸಂಶಯವೇಕೆ? ಸಮಾಧಾನ: ಮಾಯೆಯ ಕಾರಣ. ಹಿಂದೆ ಹರಾಜುಕಟ್ಟೆ ತನ್ನ ಕಮಿಷನ್ನನ್ನು ವಸ್ತುವಿನ ಬೆಲೆಯ ಮೇಲಷ್ಟೇ ಹಿಡಿಯುತ್ತಿತ್ತು. ಆಗ ಒಂದು ಸೆಂಟಿನ ಸಾಮಾನಿಗೆ ಹತ್ತು ಡಾಲರ್ ಸಾಗಣೆ ಹೇಳುವ ಜ್ಞಾನಿಗಳು ಹುಟ್ಟಿಕೊಂಡರು. 2011ರಲ್ಲಿ ಇಬೇ ಸಾಗಣೆಯ ಮೇಲೂ ಕಮಿಷನ್ ಹಾಕಿ ಅದ್ವೈತಕ್ಕೆ ದೀಕ್ಷೆ ಪಡೆಯಿತು.

ಅಧಿಕಾರ ವಿಚಾರ: ತೆರಿಗೆಯನ್ನು ವಸೂಲಿ ಮಾಡಬೇಕಾದವರು ಯಾರು? ಅಮೆರಿಕದ ಸುಪ್ರೀಂ ಕೋರ್ಟಿನ 1992ರ ಕ್ವಿಲ್ ತೀರ್ಪಿನಂತೆ, ಗಿರಾಕಿಯ ರಾಜ್ಯದಲ್ಲಿ ಅಂಗಡಿಯೋ ಗೋದಾಮೋ ಆಳೋ ಇಲ್ಲದ ವ್ಯಾಪಾರಿಗೆ ಆ ಕರ್ಮ ವಿಧಿಸುವಂತಿರಲಿಲ್ಲ. ಕೊಂಡವನೇ ಲೆಕ್ಕ ಹಾಕಿ 'ಬಳಕೆ ತೆರಿಗೆ' ಕಟ್ಟಬೇಕಿತ್ತು. ಈ ನಿಷ್ಕಾಮ ಕರ್ಮಕ್ಕೆ ಮುಂದಾದವರು ವಿರಳ. 2018ರ ಜೂನ್ 21ರಂದು ಸೌತ್ ಡಕೋಟಾ ರಾಜ್ಯ ಮತ್ತು ವೇಫೇರ್ ಕಂಪನಿಯ ನಡುವಿನ ಮೊಕದ್ದಮೆಯಲ್ಲಿ ಅದೇ ಕೋರ್ಟು 5–4ರ ಬಹುಮತದಿಂದ ಹಳೆಯದನ್ನು ತಳ್ಳಿಹಾಕಿತು. ನ್ಯಾಯಮೂರ್ತಿಗಳಲ್ಲೇ ಇಬ್ಭಾಗವಾದದ್ದು ವಿಷಯದ ಗಹನತೆಗೆ ಸಾಕ್ಷಿ. ತರುವಾಯ ರಾಜ್ಯಗಳು ಹರಾಜುಕಟ್ಟೆಯನ್ನೇ ವಸೂಲಿಗೆ ಕೂರಿಸಿದವು.

ಭಾರತೀಯ ಮತ: 2017ರ ಜಿಎಸ್‌ಟಿ ಕಾಯ್ದೆ ಶಂಕರರ ನಾಡಿಗೆ ತಕ್ಕಂತಿದೆ. ವಸ್ತು, ಪ್ಯಾಕಿಂಗ್, ಸಾಗಣೆ, ವಿಮೆ ಒಟ್ಟಾಗಿ ಬಂದರೆ ವಸ್ತುವೇ ಪ್ರಧಾನ, ಉಳಿದವು ಅದರಲ್ಲಿ ಲೀನ. ಮುದ್ರಿತ ಪುಸ್ತಕಕ್ಕೆ ತೆರಿಗೆಯಿಲ್ಲ, ಜೊತೆಗೆ ಬಂದ ಸಾಗಣೆಗೂ ಇಲ್ಲ, ಮೊಬೈಲಿಗೆ ಶೇ. 18, ಅದರ ಸಾಗಣೆಗೂ ಅಷ್ಟೇ.

ಮೋಕ್ಷ ವಿಚಾರ: ಆರೆಗಾನ್, ಮೊಂಟಾನಾ, ಡೆಲವೇರ್, ನ್ಯೂ ಹ್ಯಾಂಪ್‌ಶೈರ್‌ಗಳಲ್ಲಿ ರಾಜ್ಯದ ಮಾರಾಟ ತೆರಿಗೆಯೇ ಇಲ್ಲ, ಅಲ್ಲಿನವರು ಜೀವನ್ಮುಕ್ತರು. ಅಲಾಸ್ಕದಲ್ಲಿ ರಾಜ್ಯ ಬಿಟ್ಟರೂ ಊರಾಡಳಿತ ಹಿಡಿಯಬಹುದಾದ್ದರಿಂದ ಅಲ್ಲಿ ಮುಕ್ತಿ ಹಂತಹಂತವಾಗಿ.

ಸಿದ್ಧಾಂತ: ವಸ್ತುವೂ ಸಾಗಣೆಯೂ ಒಂದೋ ಎರಡೋ ಎಂಬುದು ಡಬ್ಬಿ ಬಿಚ್ಚಿದರೆ ತಿಳಿಯದು, ಬಿಲ್ಲಿನ ಸಾಲುಗಳನ್ನು ಎಣಿಸಿದರೆ ತಿಳಿದೀತು. ಟೆಕ್ಸಾಸಿನ ರಾಜ್ಯ ದರ ಶೇ. 6.25ರ ಪ್ರಕಾರ ನಮ್ಮ ದೃಷ್ಟಾಂತದ ಸಾಗಣೆಗೆ ಬೀಳುವ ತೆರಿಗೆ 31 ಸೆಂಟು. ಇಷ್ಟಕ್ಕೆ ಇಷ್ಟೊಂದು ಭಾಷ್ಯವೇ ಎನ್ನುವವರು ಶಾಸ್ತ್ರಾಧ್ಯಯನಕ್ಕೆ ಅನರ್ಹರು.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಓದಿದವರಿಗೆ ಒಂದು ಸೆಂಟೂ ಉಳಿಯದು, ಕೂಗಿದ ಬೆಲೆಯನ್ನು ಬಿಟ್ಟು ಬಿಲ್ಲಿನ ಬುಡವನ್ನು ಮೊದಲು ನೋಡುವ ಚಟ ಮಾತ್ರ ತಪ್ಪದೆ ಹತ್ತುತ್ತದೆ.