ಹೆಬ್ಬೆರಳಿಗೂ ಕೆಲಸ ಕೊಡು

ಆ ಬೇವಿನೆಣ್ಣೆ ಬಾಟ್ಲಿ ಒಳಗಿಡು ತಾಯಿ. ಬೇಲಿ ಈಚೆಯಿಂದಲೇ ನೋಡ್ತಾ ಇದೀನಿ. ಮಗು ಮುಖ ಕಿವುಚಿಕೊಂಡು ಅತ್ತು, ಆಮೇಲೆ ಲಂಗಕ್ಕೆ ಬೆರಳು ಒರೆಸಿಕೊಂಡು ಮತ್ತೆ ಬಾಯಿಗಿಟ್ಟುಕೊಳ್ತು. ಕಹಿಯೆಲ್ಲ ಲಂಗದ ಪಾಲಾಯ್ತು, ಅಷ್ಟೇ. ನಿಮ್ಮತ್ತೆ ಮೆಣಸಿನಕಾಯಿ ಹಚ್ಚು ಅಂದ್ರಂತೆ, ಅದನ್ನಂತೂ ಬೇಡವೇ ಬೇಡ. ಅದೇ ಕೈಯಲ್ಲಿ ನಿದ್ದೆಗಣ್ಣು ಉಜ್ಜಿಕೊಂಡ್ರೆ ಆ ಉರಿ ತಡೆಯೋರು ಯಾರು?

ಗಾಬರಿ ಬೀಳೋಂಥದ್ದೇನಿಲ್ಲ ಕಣಮ್ಮ. ಹೊಟ್ಟೆಯೊಳಗೆ ಇರೋವಾಗಲೇ ಕೂಸು ಬೆರಳು ಚೀಪುತ್ತೆ, ಸ್ಕ್ಯಾನಿಂಗ್‌ನಲ್ಲಿ ಕಾಣುತ್ತೆ. ಆಲದೆಲೆ ಮೇಲೆ ಮಲಗಿ ಕಾಲ್ಬೆರಳು ಚೀಪೋ ಕೃಷ್ಣನ ಪಟಕ್ಕೆ ನಾವೇ ಕೈ ಮುಗೀತೀವಿ. ಹೆಚ್ಚಿನ ಮಕ್ಕಳು 2ರಿಂದ 4 ವರ್ಷದೊಳಗೆ ತಾವಾಗೇ ಬಿಡ್ತವೆ. ನಿನ್ನ ಮಗಳಿಗೆ 4 ತುಂಬ್ತು, ಅದಕ್ಕೇ ಈಗಿಂದ ನಿಧಾನವಾಗಿ ಬಿಡಿಸು ಅಂತ ಹೇಳ್ತಿರೋದು. 6ರ ಹೊತ್ತಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರೋವಾಗಲೂ ಬೆರಳು ಬಾಯಲ್ಲೇ ಇದ್ರೆ ಮೇಲಿನ ಹಲ್ಲು ಮುಂದಕ್ಕೆ ಬರುತ್ತೆ. ಹಲ್ಲು ಕಚ್ಚಿದ್ರೂ ಮೇಲಿನ ಸಾಲಿಗೂ ಕೆಳಗಿನದಕ್ಕೂ ನಡುವೆ ಸಂದಿ ಉಳಿಯುತ್ತೆ, 'ಸ' 'ಶ' ಸರಿಯಾಗಿ ಹೊರಡಲ್ಲ. ಆಗ ಹಾಸನಾಂಬ ಡೆಂಟಲ್ ಕಾಲೇಜಿಗೋ ಇನ್ನೆಲ್ಲಿಗೋ ಅಲೀಬೇಕು, ಅಂಗುಳಿಗೆ ತಂತಿ ಕೂರಿಸಿಕೋಬೇಕು.

ತೋಟದ ಪಕ್ಕ ಇರೋ ನಮಗೆ ಇನ್ನೊಂದು ಭಯ. ಮಳೆಗೆ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೀತಾರಲ್ಲ, ಕಾಫಿ ಎಲೆ ಮೇಲೆಲ್ಲ ತಿಳಿನೀಲಿ ಕಲೆ ನಿಲ್ಲುತ್ತೆ. ಮಕ್ಕಳು ಆ ಎಲೆ ಕಿತ್ತು ಆಡಿ ಅದೇ ಕೈ ಬಾಯಿಗಿಡ್ತವೆ. ಮಣ್ಣಲ್ಲಿ ಜಂತುಹುಳದ ಮೊಟ್ಟೆ ಬೇರೆ. ಒಳಗೆ ಬಂದ ಕೂಡ್ಲೆ ಸೋಪು ಹಚ್ಚಿ ಕೈ ತೊಳಿ. ಫೆಬ್ರವರಿಲಿ ಒಂದ್ಸಲ, ಆಗಸ್ಟ್‌ನಲ್ಲಿ ಒಂದ್ಸಲ ಅಂಗನವಾಡಿಲಿ ಕೊಡೋ ಜಂತುಹುಳದ ಮಾತ್ರೆ ತಪ್ಪಿಸಬೇಡ.

ಬೆರಳು ಬಾಯಿಗೆ ಹೋಗೋದು ಯಾವ ಹೊತ್ತಲ್ಲಿ ಅಂತ ಗಮನಿಸಿದೀಯಾ? ನಾನು ನೋಡಿದೀನಿ. ನೀನು ಕಾಫಿ ಕುಯ್ಲಿಗೆ ಹೊರಟ ಮೇಲೆ, ಮಧ್ಯಾಹ್ನ ಟಿವಿ ಮುಂದೆ, ರಾತ್ರಿ ಕಣ್ಣೆಳೆಯೋವಾಗ. ಮೊನ್ನೆ ಸಂಜೆ ಆನೆ ಬಂದಿದೆ ಅಂತ ಫಾರೆಸ್ಟಿನವರ ಮೆಸೇಜು ಬಂದು, ಎಲ್ಲರೂ ಬಾಗಿಲು ಹಾಕಿಕೊಂಡು, ಆಚೆ ತೋಟದಲ್ಲಿ ಪಟಾಕಿ ಸಿಡಿಸಿದ್ರಲ್ಲ, ಆಗ ನಿಮ್ಮ ಕಿಟಕಿ ಹತ್ರ ನಿಂತಿದ್ದ ಆ ಮಗೂನ ನೋಡಬೇಕಿತ್ತು. ಹೆಬ್ಬೆರಳು ಬುಡದವರೆಗೂ ಬಾಯೊಳಗೆ. ಹೆದರಿಕೆಗೆ ಚೀಪೋ ಮಗೂಗೆ ಗುಮ್ಮನ್ನ ತೋರಿಸಿ ಇನ್ನಷ್ಟು ಹೆದರಿಸಿದ್ರೆ ಅದು ಇನ್ನೆಲ್ಲಿಗೆ ಹೋಗಬೇಕು? ಹೀಗೆ ಹೆದರಿಸೋದು ನಮ್ಮೂರಿನ ಬುದ್ಧಿ ಮಾತ್ರ ಅಲ್ಲ. ಜರ್ಮನಿಲಿ ಹೋಫ್‌ಮನ್ ಅನ್ನೋ ಡಾಕ್ಟರು 1845ರಲ್ಲಿ ತಂದ ಮಕ್ಕಳ ಪುಸ್ತಕದಲ್ಲಿ ದರ್ಜಿಯೊಬ್ಬ ಬಂದು, ಬೆರಳು ಚೀಪೋ ಹುಡುಗನ ಹೆಬ್ಬೆರಳು ಎರಡನ್ನೂ ಕತ್ತರಿಸಿ ಹಾಕ್ತಾನೆ. ಓದಿದಾಗ ನನಗೆ ಸಂಕಟ ಆಯ್ತು.

ನಿನ್ನೆ ಇಲ್ಲಿಗೆ ಬಂದಿದ್ದಳಲ್ಲ, ನೆನೆಹಾಕಿದ ಅವರೆಕಾಳು ಒಂದು ಹಿಡಿ ಮುಂದಿಟ್ಟೆ. ಹಿತುಕೋಕೆ ಹೆಬ್ಬೆರಳೇ ಬೇಕು ನೋಡು. ಮೊದಲು ಕಾಳು ಸಿಪ್ಪೆ ಸಮೇತ ಜಾರಿ ಒಲೆ ಕಡೆ ಹಾರಿತು. ಆಮೇಲೆ ತುದಿ ಹಿಡಿದು ಒತ್ತೋದು ಗೊತ್ತಾಯ್ತು, ಹಸಿರು ಬೇಳೆ ಪುಳಕ್ಕಂತ ಹೊರಗೆ ಬಂತು. ಎಷ್ಟು ನಕ್ಕಳು ಅಂತೀಯ! ತಟ್ಟೆ ತುಂಬೋವರೆಗೂ ಬೆರಳು ಬಾಯಿ ಹತ್ರ ಸುಳಿಯಲಿಲ್ಲ. "ಇವತ್ತಿನ ಸಾರಿಗೆ ಪುಟ್ಟಿ ಹಿತುಕಿದ ಬೇಳೆ" ಅಂತ ಅವರಪ್ಪನ ಮುಂದೆ ಹೇಳು, ಮುಖ ಅರಳುತ್ತೆ.

ರಾತ್ರಿ ಮಾತ್ರ ಕಷ್ಟ. ಕೈ ಹಿಡ್ಕೊಂಡು ಪಕ್ಕದಲ್ಲಿ ಮಲಗು, ನಿದ್ದೆ ಹತ್ತಿದ ಮೇಲೆ ಮೆಲ್ಲಗೆ ಬೆರಳು ಬಿಡಿಸು. ಅವಳೇ ಒಪ್ಪಿದ್ರೆ ಹತ್ತಿ ಬಟ್ಟೆ ಚೀಲ ಕೈಗೆ ತೊಡಿಸು. ಚೀಪದ ದಿನ ಕ್ಯಾಲೆಂಡರ್‌ನಲ್ಲಿ ಅವಳ ಕೈಲೇ ಒಂದು ಹೂವು ಬರೆಸು. ಬರೆಯದ ದಿನ ಸುಮ್ಮನಿರು, ಬೈಬೇಡ. ನೀನು ಕೂಲಿಗೆ ಹೋಗಿದ್ದಕ್ಕೇ ಹೀಗಾಯ್ತು ಅಂತ ಯಾರಾದ್ರೂ ಅಂದ್ರೆ ನನ್ನ ಹತ್ರ ಕಳಿಸು.

ಬೆರಳು ಇಲ್ಲಿ ತೋರಿಸು ಪುಟ್ಟಿ. ಚರ್ಮ ಬೆಳ್ಳಗೆ ಸುಕ್ಕಾಗಿದೆ, ಉಗುರಿನ ಬುಡ ಸ್ವಲ್ಪ ಕೆಂಪಗಿದೆ. ಊದಿಕೊಂಡು ಕೀವು ಕಂಡ್ರೆ ತಡ ಮಾಡದೆ ಆಸ್ಪತ್ರೆಗೆ ತೋರಿಸಮ್ಮ. ನಾಳೆ ಕುಯ್ಲಿಗೆ ಹೋಗೋವಾಗ ಇವಳನ್ನ ಇಲ್ಲೇ ಬಿಟ್ಟು ಹೋಗು, ಇನ್ನೂ ಒಂದು ಮೊರ ಕಾಳಿದೆ.